ಮನೆ ಪರಿಸರಸ್ನೇಹಿ ಆಗ್ಬೇಕು ಅಂದ್ರೆ ಮೊದಲು ಎಲ್ಲಿ ಕೈ ಹಾಕೋದು?

ಹೊಸಿಲು
ಎಲ್ರಿಗೂ ನಮಸ್ಕಾರ. ಮನೆ ಸ್ವಲ್ಪ ರಿಪೇರಿ ಮಾಡ್ಸೋಣ ಅಂತಿದೀವಿ, ಹೇಗಿದ್ರೂ ಖರ್ಚು ಮಾಡ್ತೀವಲ್ಲ, ಕರೆಂಟು ನೀರು ಕಸ ಈ ಮೂರೂ ಕಮ್ಮಿ ಆಗೋ ಥರ ಮಾಡ್ಸೋಣ ಅಂತ ಆಸೆ. ಒಬ್ರು ಸೋಲಾರ್ ಹಾಕ್ಸಿ ಅಂತಾರೆ, ಇನ್ನೊಬ್ರು ಕಿಟಕಿ ಎಲ್ಲಾ ಬದಲಾಯ್ಸಿ ಅಂತಾರೆ, ಆನ್‌ಲೈನ್‌ನಲ್ಲಿ ನೋಡಿದ್ರೆ ಬಿದಿರಿನ ಬ್ರಷ್ಷು, ಸ್ಟೀಲ್ ಸ್ಟ್ರಾ, ಅದು ಇದು ಅಂತ ಬರೀ ಮಾರೋರೇ ಕಾಣ್ತಾರೆ. ಎಲ್ಲದಕ್ಕೂ ದುಡ್ಡು ಸಾಲಲ್ಲ. ಸ್ವಂತ ಮನೆ, ಹಳೇದು, ತಾರಸಿ ಖಾಲಿ ಇದೆ, ಬೇಸಿಗೇಲಿ ಮೇಲಿನ ರೂಮು ಕಾದ ಕಾವಲಿ ಆಗತ್ತೆ. ಯಾವುದು ಮೊದಲು, ಯಾವುದು ಆಮೇಲೆ? ಮಾಡಿ ನೋಡಿರೋರು ಹೇಳಿ ಪ್ಲೀಸ್.

ಮೀಟರ್ ನೋಡಿ
ಸರ್ ಸದ್ಯಕ್ಕೆ ಏನನ್ನೂ ತಗೋಬೇಡಿ. ವೈರಿಂಗ್ ಕೆಲಸದವನು ನಾನು, ಹೋದ ಕಡೆಯೆಲ್ಲಾ ಇದನ್ನೇ ಹೇಳೋದು, ಅದಕ್ಕೇ ಈ ಹೆಸರು ಇಟ್ಕೊಂಡಿರೋದು. ಡಿಜಿಟಲ್ ಮೀಟರ್ ಆಗಿದ್ರೆ ಮುಂದ್ಗಡೆ ಒಂದು ಚಿಕ್ಕ ಕೆಂಪು ಲೈಟು ಮಿನುಗ್ತಿರತ್ತೆ, ಅದರ ಹತ್ರನೇ ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗತ್ತೆ ಅಂತ ಬರೆದಿರತ್ತೆ, ಕೆಲವದ್ರಲ್ಲಿ 1600, ಕೆಲವದ್ರಲ್ಲಿ 3200, ಬೇರೆ ನಂಬರೂ ಇರತ್ತೆ. ರಾತ್ರಿ ಎಲ್ರೂ ಮಲಗಿದ ಮೇಲೆ ಹೋಗಿ ಒಂದು ನಿಮಿಷ ಎಣಿಸಿ. 3200ರ ಮೀಟರ್‌ನಲ್ಲಿ ನಿಮಿಷಕ್ಕೆ 16 ಸಲ ಮಿನುಗಿದ್ರೆ 300 ವ್ಯಾಟ್ ಎಳೀತಿದೆ ಅಂತ ಅರ್ಥ. ಲೈಟಿಲ್ಲ, ಟಿವಿ ಇಲ್ಲ, ಮನೆಯೆಲ್ಲಾ ನಿದ್ದೆ, ಹಾಗಾದ್ರೆ ಆ 300 ಯಾರು ತಿಂತಿದಾರೆ? ಫ್ರಿಡ್ಜ್ ಓಡ್ತಿದ್ರೆ ನೂರು ನೂರೈವತ್ತು ಅದರದ್ದು ಅಂತ ಬಿಡಿ. ಉಳಿದಿದ್ದು? ಒಂದೊಂದೇ ಎಂಸಿಬಿ (ಮೇನ್ ಬೋರ್ಡಲ್ಲಿ ಒಂದೊಂದು ಲೈನಿಗೂ ಇರೋ ಸ್ವಿಚ್ಚು) ಕೆಳಗಿಳಿಸ್ತಾ ಬನ್ನಿ, ಯಾವುದು ಇಳಿಸಿದಾಗ ಮಿನುಗೋದು ನಿಧಾನ ಆಗತ್ತೋ ಆ ಲೈನಲ್ಲೇ ಕಳ್ಳ ಇದಾನೆ.

ಸುಮ್ನೆ 1 ವ್ಯಾಟ್ ವರ್ಷಪೂರ್ತಿ ಎಳೀತಾ ಇದ್ರೆ 8.76 ಯೂನಿಟ್ ಆಗತ್ತೆ. ಸೆಟ್‌ಟಾಪ್ ಬಾಕ್ಸು, ಸ್ಪೀಕರ್ರು, ಪ್ರಿಂಟರ್ರು, ಯಾವ ಕಾಲದ್ದೋ ಅಡಾಪ್ಟರ್ರು, ಎಲ್ಲಾ ಸೇರಿಸಿ ನೋಡಿ ನೀವೇ.

ಹೊಸಿಲು
ಇದು ಗೊತ್ತೇ ಇರ್ಲಿಲ್ಲ ಅಣ್ಣ, ಇವತ್ತು ರಾತ್ರಿನೇ ನೋಡ್ತೀನಿ. ಬಲ್ಬ್ ಮಾತ್ರ ಎಲ್ಲಾ ಎಲ್‌ಇಡಿ ಆಗ್ಲೇ ಹಾಕ್ಸಿದೀವಿ.

ಲೆಕ್ಕದ ಮೇಷ್ಟ್ರು
ಎಲ್‌ಇಡಿ ಹಾಕ್ಸಿದ್ದು ಒಳ್ಳೇದಾಯ್ತು, 60 ವ್ಯಾಟಿನ ಹಳೇ ಬಲ್ಬ್ ಕೊಡೋ ಬೆಳಕನ್ನ 9 ವ್ಯಾಟಲ್ಲಿ ಕೊಡತ್ತೆ, ನೀಲಿ ಎಲ್‌ಇಡಿ ಕಂಡುಹಿಡಿದಿದ್ದಕ್ಕೆ 2014ರಲ್ಲಿ ನೊಬೆಲ್ ಕೊಟ್ರು ಅಂದ್ರೆ ಸುಮ್ನೆ ಅಲ್ಲ. ಆದ್ರೆ ಅಲ್ಲಿಗೆ ಲೈಟಿನ ಅಧ್ಯಾಯ ಮುಗೀತು. ಇನ್ನೂ ಲೈಟ್ ಆರ್ಸಿ ಲೈಟ್ ಆರ್ಸಿ ಅಂತ ಮಕ್ಕಳನ್ನ ಗದರಿಸೋರು ಒಂದು ಲೆಕ್ಕ ನೋಡ್ಬೇಕು.

20 ಲೀಟರ್ ನೀರನ್ನ 20 ಡಿಗ್ರಿ ಜಾಸ್ತಿ ಬಿಸಿ ಮಾಡೋಕೆ ಹೆಚ್ಚುಕಮ್ಮಿ 0.46 ಯೂನಿಟ್ ಬೇಕು. 9 ವ್ಯಾಟಿನ ಬಲ್ಬ್ ದಿನಕ್ಕೆ 5 ಗಂಟೆ ಉರಿದ್ರೆ 0.045 ಯೂನಿಟ್. ಅಂದ್ರೆ ಒಂದು ಬಕೆಟ್ ಬಿಸಿನೀರು ಅಂದ್ರೆ ಆ ಬಲ್ಬು ಹತ್ತು ದಿನ ಉರಿದಂಗೆ. ಮನೇಲಿ ನಾಲ್ಕು ಜನ ಇದ್ದು, ಶವರ್ ಕೆಳಗೆ ನಿಂತು ಹಾಡು ಹೇಳೋರು ಒಬ್ರಿದ್ರೆ ಮುಗೀತು ಕಥೆ.

ಬಿಸಿ ಮಾಡೋದು, ತಂಪು ಮಾಡೋದು, ಈ ಎರಡೇ ಮನೆಯ ದೊಡ್ಡ ಖರ್ಚು. ಉಳಿದಿದ್ದೆಲ್ಲಾ ಚಿಲ್ಲರೆ. ವಾಷಿಂಗ್ ಮಷೀನ್ ತಗೊಳ್ಳಿ, ಬಿಸಿನೀರಲ್ಲಿ ಒಗೆಯೋ ಸೆಟ್ಟಿಂಗ್ ಹಾಕಿದ್ರೆ ಮೋಟರ್ ತಿರುಗೋದಕ್ಕಿಂತ ನೀರು ಕಾಯಿಸೋಕೇ ಜಾಸ್ತಿ ಕರೆಂಟ್ ಹೋಗತ್ತೆ. ತಣ್ಣೀರಿಗೆ ಇಡಿ, ತುಂಬಿದ ಮೇಲೆ ಹಾಕಿ, ಬಿಸಿಲಲ್ಲಿ ಒಣಗಿಸಿ, ಡ್ರೈಯರ್ ಅನ್ನೋದನ್ನ ಮರೆತುಬಿಡಿ.

ಬಾಡಿಗೆ ಮನೆ
ಗೀಸರ್ ಟೆಂಪರೇಚರ್ ಕಮ್ಮಿ ಇಟ್ರೆ ಸಾಕಾ ಹಾಗಾದ್ರೆ? ನಮ್ದು ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆದ್ರೂ ಓನರ್ ಕೇಳ್ತಾರೆ, ಹಾಗಾಗಿ ಸೋಲಾರ್ ಗೀಲಾರ್ ಎಲ್ಲಾ ನಮಗೆ ದೂರದ ಮಾತು

ಮೀಟರ್ ನೋಡಿ
ಟ್ಯಾಂಕ್ ಇರೋ ಗೀಸರ್ ಆದ್ರೆ ತೀರಾ ಕೆಳಗಿಳಿಸ್ಬೇಡಿ. 20ರಿಂದ 45 ಡಿಗ್ರಿ ಮಧ್ಯೆ ನಿಂತ ನೀರಲ್ಲಿ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯತ್ತೆ, 60ಕ್ಕೆ ಕಾದ್ರೆ ಸಾಯತ್ತೆ. ಹಂಗಾಗಿ 60ಕ್ಕೆ ಕಾಯ್ಲಿ, ಆದ್ರೆ ಬೇಕಾದಾಗ ಮಾತ್ರ ಆನ್ ಮಾಡಿ. ಸ್ನಾನಕ್ಕೆ ಮುಂಚೆ ಆನ್, ಎಲ್ರದ್ದೂ ಆದ ತಕ್ಷಣ ಆಫ್. ಆನ್ ಇಟ್ಟೇ ಬಿಟ್ರೆ ಉಳಿತಾಯ ಅಂತ ಕೆಲವರು ವಾದ ಮಾಡ್ತಾರೆ, ಅದು ಸುಳ್ಳು, ಟ್ಯಾಂಕು ಬಿಸಿ ಇದ್ದಷ್ಟು ಹೊತ್ತೂ ಬಿಸಿ ಸೋರ್ತಾನೇ ಇರತ್ತೆ. ಶವರ್ ತಲೆ ಬದಲಾಯ್ಸೋಕೆ ಓನರ್ ಕೇಳ್ಬೇಕಿಲ್ಲ, ತಿರುಗಿಸಿದ್ರೆ ಬಿಚ್ಚಿ ಬರತ್ತೆ. ಹಳೇವು ನಿಮಿಷಕ್ಕೆ 15 ಲೀಟರ್ ಸುರೀತಾವೆ, ಈಗ 7-8 ಲೀಟರಲ್ಲೇ ಚೆನ್ನಾಗಿ ಬರೋವು ಸಿಗ್ತಾವೆ. ಮನೆ ಬಿಡುವಾಗ ಹಳೇದನ್ನ ವಾಪಸ್ ಹಾಕಿ ನಿಮ್ಮದು ತಗೊಂಡು ಹೋಗಿ.

ಅಡ್ಡಮಾತು
ಕ್ಷಮಿಸಿ ಮಧ್ಯೆ ಬಾಯಿ ಹಾಕ್ತೀನಿ. ದೊಡ್ಡ ದೊಡ್ಡ ಫ್ಯಾಕ್ಟರಿಗಳು ಹೊಗೆ ಬಿಡ್ತಾನೇ ಇರ್ತವೆ, ನಾವು ಇಲ್ಲಿ ಶವರ್ ತಲೆ ಬದಲಾಯ್ಸಿ ಭೂಮಿ ಉಳಿಸ್ತೀವಾ? ಇದೆಲ್ಲಾ ಮನಸ್ಸಿಗೆ ಸಮಾಧಾನ ಅಷ್ಟೇ.

ಲೆಕ್ಕದ ಮೇಷ್ಟ್ರು
ಭೂಮಿ ಉಳಿಸೋ ಗುತ್ತಿಗೆ ಯಾರೂ ತಗೊಂಡಿಲ್ಲ ಇಲ್ಲಿ. ಅವರು ಕೇಳಿರೋದು ಮನೆ ಬಗ್ಗೆ. ಬಿಲ್ ಕಮ್ಮಿ ಬರತ್ತೆ, ಬೇಸಿಗೇಲಿ ರೂಮು ತಣ್ಣಗಿರತ್ತೆ, ಅಷ್ಟಾದ್ರೂ ಲಾಭ ತಾನೇ. ಫ್ಯಾಕ್ಟರಿ ಬಗ್ಗೆ ಬೇರೆ ಥ್ರೆಡ್ ಹಾಕಿ, ನಾನೂ ಬರ್ತೀನಿ ಜಗಳಕ್ಕೆ.

ನೀರ್ಗಂಟಿ
ಕರೆಂಟ್ ಬಗ್ಗೆನೇ ಮಾತಾಡ್ತಿದೀರಿ, ನೀರಿಗೂ ಬನ್ನಿ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ, ಯಾವುದಾದ್ರೂ ಅಡಿಗೆ ಬಣ್ಣ ಸಾಕು, ಕಾಲು ಗಂಟೆ ಯಾರೂ ಫ್ಲಶ್ ಮಾಡ್ಬೇಡಿ. ಕಮೋಡ್ ಒಳಗೆ ಬಣ್ಣ ಇಳಿದು ಬಂದ್ರೆ ಒಳಗಿನ ವಾಷರ್ ಸೋರ್ತಿದೆ. ಶಬ್ದ ಬರಲ್ಲ, ನೆಲ ಒದ್ದೆ ಆಗಲ್ಲ, ಹಾಗಾಗಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗಲ್ಲ, ಮೋಟರ್ ಮಾತ್ರ ಪದೇ ಪದೇ ಓಡ್ತಿರತ್ತೆ. ಸೋರೋ ನಲ್ಲಿಗಿಂತ ಇದು ಕೆಟ್ಟದ್ದು, ನಲ್ಲಿ ಕಣ್ಣಿಗಾದ್ರೂ ಕಾಣತ್ತೆ.

ತಾರಸಿ ಖಾಲಿ ಇದೆ ಅಂದ್ರಲ್ಲ, ಮಳೆನೀರಿನ ಲೆಕ್ಕ ಬಹಳ ಸುಲಭ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. 100 ಚದರ ಮೀಟರ್ ತಾರಸಿ, 20 ಮಿ.ಮೀ. ಮಳೆ ಅಂದ್ರೆ 2000 ಲೀಟರ್, ಆವಿ ಆಗೋದು ಚೆಲ್ಲೋದು ಕಳೆದ್ರೂ 1600 ಕೈಗೆ ಸಿಗತ್ತೆ. ಶುರುವಲ್ಲಿ ಬರೋ ನೀರಲ್ಲಿ ಧೂಳು, ಹಕ್ಕಿ ಹಿಕ್ಕೆ ಎಲ್ಲಾ ಇರತ್ತೆ, ಅದನ್ನ ಹೊರಗೆ ಬಿಡೋಕೆ ಒಂದು ವಾಲ್ವ್ ಇಡ್ಸಿ. ಇದನ್ನ ಮರೆತು ಸೀದಾ ಸಂಪಿಗೆ ಬಿಟ್ಕೊಳ್ಳೋರೇ ಜಾಸ್ತಿ, ಆಮೇಲೆ ನೀರು ವಾಸನೆ ಅಂತ ಮಳೆಕೊಯ್ಲಿಗೇ ಬೈತಾರೆ.

ಬಾಡಿಗೆ ಮನೆ
ಆರ್‌ಓ ಫಿಲ್ಟರ್‌ನಿಂದ ಹೊರಗೆ ಹೋಗೋ ನೀರನ್ನ ಗಿಡಕ್ಕೆ ಹಾಕ್ಬಹುದಾ ಸರ್? ಬಕೆಟ್ ಗಟ್ಟಲೆ ಹೋಗತ್ತೆ, ಹೊಟ್ಟೆ ಉರಿಯತ್ತೆ ನೋಡಿದ್ರೆ

ನೀರ್ಗಂಟಿ
ನೆಲ ಒರೆಸೋಕೆ, ಫ್ಲಶ್‌ಗೆ, ಗಾಡಿ ತೊಳೆಯೋಕೆ ಬಳಸಿ. ಗಿಡಕ್ಕೆ ದಿನಾ ಬೇಡ, ಕುಡಿಯೋ ನೀರಿಂದ ತೆಗೆದ ಉಪ್ಪಿನಂಶ ಎಲ್ಲಾ ಅದರಲ್ಲೇ ಇರತ್ತೆ, ಕುಂಡದ ಮಣ್ಣಲ್ಲಿ ಸೇರ್ಕೊಳ್ತಾ ಹೋಗಿ ಎಲೆ ತುದಿ ಸುಟ್ಟಂಗಾಗತ್ತೆ. ಅದಕ್ಕಿಂತ ಮೊದಲು ನಿಮ್ಮ ನೀರಿಗೆ ಆರ್‌ಓ ಬೇಕಾ ಅಂತ ಪರೀಕ್ಷೆ ಮಾಡ್ಸಿ, ನೀರು ಗಡುಸು ಇಲ್ದೇ ಇದ್ರೂ ಆರ್‌ಓ ಹಾಕ್ಕೊಂಡಿರೋ ಮನೆಗಳು ಎಷ್ಟೋ ಇವೆ.

ತಾರಸಿ ತೋಟ
ತಡವಾಗಿ ಬಂದೆ, ಕಸದ ಬಗ್ಗೆ ಯಾರೂ ಬರೆದಿಲ್ಲ ಹಾಗಾಗಿ ನನ್ನ ಪಾಲು. ಹೊಸಿಲು ಅವ್ರೇ, ಅಡಿಗೆಮನೆ ಹಸಿ ಕಸನ ಮನೇಲೇ ಗೊಬ್ಬರ ಮಾಡಿ, ಖರ್ಚು ಹೆಚ್ಚುಕಮ್ಮಿ ಸೊನ್ನೆ, ತಳದಲ್ಲಿ ತೂತಿರೋ ಯಾವ ಡ್ರಮ್ಮಾದ್ರೂ ಸರಿ. ಜೊತೆಗೆ ಪ್ಲಾಸ್ಟಿಕ್ ಕವರ್ ಬಿಟ್ಟು ಬಟ್ಟೆ ಚೀಲ ಬಳಸಿ, ಮನೆ ಒಳಗೆ ಒಂದಷ್ಟು ಗಿಡ ಇಡಿ, ಗಾಳಿ ಶುದ್ಧ ಆಗತ್ತೆ.

ಅಡ್ಡಮಾತು
ಅಕ್ಕ, ಬಟ್ಟೆ ಚೀಲದ ಮೇಲೆ ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಒಂದು ಅಧ್ಯಯನ ಮಾಡಿತ್ತು ಓದಿದೀರಾ? ಹತ್ತಿ ಚೀಲನ 7100 ಸಲ ಬಳಸಿದ್ರೆ ಮಾತ್ರ ಪ್ಲಾಸ್ಟಿಕ್ ಕವರಿಗೆ ಸಮ. ಅದೂ ಸಾವಯವ ಹತ್ತಿ ಆದ್ರೆ 20,000 ಸಲ. ಏಳು ಸಾವಿರ ಸಲ ಮಾರ್ಕೆಟ್ಟಿಗೆ ಹೋಗ್ತೀರಾ?

ತಾರಸಿ ತೋಟ
ಹಾಗಾದ್ರೆ ಪ್ಲಾಸ್ಟಿಕ್ಕೇ ಒಳ್ಳೇದು ಅಂತೀರಾ?

ಲೆಕ್ಕದ ಮೇಷ್ಟ್ರು
ಆ ನಂಬರ್ ಎಲ್ರೂ ಎತ್ತಿ ಎತ್ತಿ ಹೊಡೀತಾರೆ, ಒಳಗೆ ಏನಿದೆ ಅಂತ ನೋಡಲ್ಲ. 7100 ಬಂದಿದ್ದು ಓಜೋನ್ ಪದರ, ನೀರು, ಇನ್ನೂ ಏನೇನೋ ಎಲ್ಲಾ ಬಾಬ್ತಿನಲ್ಲೂ ಸಮ ಆಗ್ಬೇಕು ಅಂದಾಗ. ಹವಾಮಾನದ ಬಾಬ್ತು ಒಂದನ್ನೇ ತಗೊಂಡ್ರೆ ಅದೇ ವರದೀಲಿ ಮಾಮೂಲಿ ಹತ್ತಿ ಚೀಲಕ್ಕೆ 52 ಸಲ, ಸಾವಯವಕ್ಕೆ 149. ವಾರಕ್ಕೊಂದ್ಸಲ ಹೋದ್ರೂ ಮೊದಲನೇದು ಒಂದು ವರ್ಷದ ಮಾತು. ಮತ್ತೆ ಚರಂಡಿಗೆ ಹೋಗಿ ಕಟ್ಕೊಳ್ಳೋ ಕವರ್ರು, ದನದ ಹೊಟ್ಟೆ ಸೇರೋ ಕವರ್ರು, ಇದ್ಯಾವುದೂ ಆ ಲೆಕ್ಕದಲ್ಲಿಲ್ಲ. ವರದಿ ತಪ್ಪು ಅಂತಲ್ಲ, ಅದು ಹೇಳೋದೇ ಬೇರೆ: ಇರೋ ಚೀಲನೇ ಹರಿಯೋ ತನಕ ಬಳಸಿ. ಪ್ರತೀ ಫಂಕ್ಷನ್ನಲ್ಲಿ ಪರಿಸರಸ್ನೇಹಿ ಅಂತ ಪ್ರಿಂಟ್ ಹಾಕಿ ಹೊಸ ಬಟ್ಟೆ ಚೀಲ ಹಂಚ್ತಾರಲ್ಲ, ನನಗೆ ಮೈ ಉರಿಯೋದು ಅದಕ್ಕೆ.

ಗಿಡದ ವಿಷಯಾನೂ ಹೇಳಿಬಿಡ್ತೀನಿ ಮೇಡಂ ಬೇಜಾರಾಗ್ಬೇಡಿ. ಗಿಡದಿಂದ ಮನೆ ಗಾಳಿ ಶುದ್ಧ ಆಗತ್ತೆ ಅನ್ನೋರು 1989ರಲ್ಲಿ ನಾಸಾ ಮಾಡಿದ ಪ್ರಯೋಗ ತೋರಿಸ್ತಾರೆ, ಆದ್ರೆ ಅದು ಗಾಳಿ ಆಡದ ಸಣ್ಣ ಡಬ್ಬಿಗಳ ಒಳಗೆ ಮಾಡಿದ್ದು. ಅಂಥ ಪ್ರಯೋಗಗಳನ್ನೆಲ್ಲಾ 2019ರಲ್ಲಿ ಒಟ್ಟು ಹಾಕಿ ನೋಡಿದಾಗ ಕಿಟಕಿ ಬಾಗಿಲು ಇರೋ ಮನೇಲಿ ಅದೇ ಪರಿಣಾಮ ಬರೋಕೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಅಂತ ಬಂತು. ಗಿಡ ಇಡಿ, ಕಣ್ಣಿಗೆ ಚೆಂದ. ಗಾಳಿಗೆ ಕಿಟಕಿ ತೆಗೀರಿ.

ತಾರಸಿ ತೋಟ
ಆಯ್ತು ಮೇಷ್ಟ್ರೇ ಗಿಡ ಚೆಂದಕ್ಕೇ ಇರ್ಲಿ 😀 ಗೊಬ್ಬರಕ್ಕೆ ಮಾತ್ರ ಯಾರೂ ಅಡ್ಡ ಬರ್ಬೇಡಿ

ಬಾಡಿಗೆ ಮನೆ
ನಾನು ಅಡ್ಡ ಬರ್ತೀನಿ ಅಕ್ಕ, ನಮ್ಮ ಬಾಲ್ಕನೀಲಿ ಡಬ್ಬ ಇಟ್ಟು ಈಗ ಮುಚ್ಚಳ ತೆಗೆಯೋಕೇ ಭಯ, ಅಂಥಾ ವಾಸನೆ, ಪಕ್ಕದ ಮನೆಯವ್ರು ಮುಖ ಕಿವುಚ್ಕೊಂಡು ಓಡಾಡ್ತಾರೆ. ಒಳಗೆ ಬಿಳಿ ಹುಳ ಬೇರೆ

ತಾರಸಿ ತೋಟ
ಕಸ ಎಲ್ಲಾ ಒಂದೇ ಮುದ್ದೆ ಆಗಿ ಅಂಟ್ಕೊಂಡು ಕೂತಿದೆಯಾ, ಹುಳಿ ವಾಸನೆನಾ? ಹಾಗಿದ್ರೆ ಒಳಗೆ ಗಾಳಿ ಇಲ್ಲ, ನೀರು ಜಾಸ್ತಿ. ಹೊಸ ಕಸ ಹಾಕೋದು ನಿಲ್ಲಿಸಿ. ಒಂದು ಹಳೇ ಪೇಪರ್ ಮೇಲೆ ಎಲ್ಲಾ ಸುರುವಿ (ಮೂಗಿಗೆ ಬಟ್ಟೆ ಕಟ್ಕೊಳ್ಳಿ), ಗಂಟು ಒಡೀರಿ, ಒಣಗಿದ ಎಲೆ, ಚೂರು ಮಾಡಿದ ರಟ್ಟು, ತೆಂಗಿನ ನಾರಿನ ಪುಡಿ ಏನು ಸಿಕ್ರೆ ಅದು, ಹಸಿ ಕಸದಷ್ಟೇ ಅಥವಾ ಅದಕ್ಕಿಂತ ಜಾಸ್ತಿನೇ ಸೇರಿಸಿ ಕಲಸಿ. ಆಮೇಲೆ ಒಂದು ಹಿಡಿ ತಗೊಂಡು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ಇಳಿದ್ರೆ ಇನ್ನೂ ಒಣದು ಬೇಕು, ಒಂದೋ ಎರಡೋ ಹನಿ ಕಾಣಿಸಿ ನಿಂತ್ರೆ ಸರಿ ಇದೆ, ಹಿಡಿ ಬಿಟ್ಟ ತಕ್ಷಣ ಪುಡಿ ಆದ್ರೆ ಸ್ವಲ್ಪ ನೀರು ಚಿಮುಕಿಸಿ. ತಳದ ತೂತು ಮುಚ್ಚಿಹೋಗಿರತ್ತೆ ನೋಡಿ, ಕಡ್ಡಿ ಹಾಕಿ ಬಿಡಿಸಿ. ವಾಪಸ್ ತುಂಬೋ ಮುಂಚೆ ತಳಕ್ಕೆ ಒಂದಿಷ್ಟು ಒಣ ಕಡ್ಡಿ ಹಾಸಿ, ನೀರು ನಿಲ್ಲಲ್ಲ.

ಪುಸ್ತಕದ ಲೆಕ್ಕದಲ್ಲಿ ಇಂಗಾಲ ಸಾರಜನಕದ ಪ್ರಮಾಣ 25-30ಕ್ಕೆ 1 ಇರ್ಬೇಕು ಅಂತಾರೆ, ತೂಕ ಮಾಡ್ತಾ ಕೂರೋಕಾಗತ್ತಾ, ಹಿಂಡಿ ನೋಡೋದೇ ನನ್ನ ಅಳತೆ. ಹುಳಕ್ಕೆ ಹೆದರ್ಬೇಡಿ, ದಪ್ಪಗೆ ಚಪ್ಪಟೆಯಾಗಿದ್ರೆ ಬಹುಶಃ ಬ್ಲ್ಯಾಕ್ ಸೋಲ್ಜರ್ ಅನ್ನೋ ನೊಣದ ಮರಿ, ಕಸ ತಿಂದು ಮುಗಿಸೋದ್ರಲ್ಲಿ ನಮಗಿಂತ ಚುರುಕು. ಒಣದು ಜಾಸ್ತಿ ಆದ್ರೆ ತಾನಾಗೇ ಕಮ್ಮಿ ಆಗ್ತಾವೆ.

ಇನ್ನೊಂದು, ಕರಗತ್ತೆ ಅಂತ ಬರೆದಿರೋ ಲೋಟ, ಚಮಚ ತಂದು ಇದಕ್ಕೆ ಹಾಕ್ಬೇಡಿ. ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ ಅದು, ದೊಡ್ಡ ಘಟಕದಲ್ಲಿ 58 ಡಿಗ್ರಿ ಹತ್ರ ಬಿಸಿ ಇಟ್ರೆ ಮಾತ್ರ ಕರಗತ್ತೆ. ನಮ್ಮ ಡಬ್ಬ ಅಷ್ಟು ಬಿಸಿ ಏರಲ್ಲ, ಗೊಬ್ಬರ ಜರಡಿ ಹಿಡಿಯುವಾಗ ಚಮಚ ಹಾಗೇ ಸಿಗತ್ತೆ.

ಹೊಸಿಲು
ಅಕ್ಕ ಇದನ್ನ ಸೇವ್ ಮಾಡ್ಕೊಂಡೆ. ಮೇಲಿನ ರೂಮಿನ ಬಿಸಿ ಬಗ್ಗೆ ಯಾರಾದ್ರೂ ಹೇಳಿ, ಮನೆಯವರು ಎಸಿ ಹಾಕ್ಸಿ ಅಂತ ಹಟ ಹಿಡಿದಿದಾರೆ

ಕೂಲ್ ಕೆಲಸ
ಎಸಿ ರಿಪೇರಿ ಮಾಡೋನು ನಾನು, ಆದ್ರೂ ಹೇಳ್ತೀನಿ, ಎಸಿಗಿಂತ ಮುಂಚೆ ತಾರಸಿಗೆ ಬಿಳಿ ಬಳಿಸಿ. ಬಿಸಿಲು ವಾಪಸ್ ಹೊಡೆಯೋ ಕೂಲ್ ರೂಫ್ ಪೇಂಟ್ ಅಂತ ಬರತ್ತೆ, ಅದಾಗ್ಲಿಲ್ಲ ಅಂದ್ರೆ ಸುಣ್ಣ. ಸುಣ್ಣ ಮಳೆಗೆ ತೊಳೆದು ಹೋಗತ್ತೆ, ಪ್ರತೀ ಬೇಸಿಗೆಗೆ ಹಚ್ಬೇಕು, ಪೇಂಟಾದ್ರೆ ವರ್ಷಗಳು ಬರತ್ತೆ ಆದ್ರೆ ಧೂಳು ಕೂತ್ರೆ ಬಿಳಿ ಅನ್ನೋದು ಹೆಸರಿಗಷ್ಟೇ, ಬೇಸಿಗೆ ಶುರು ಆಗುವಾಗ ಒಂದ್ಸಲ ತೊಳೀರಿ. ಹಚ್ಚೋ ಮುಂಚೆ ಬಿರುಕು ಇದ್ರೆ ಮುಚ್ಚಿಸ್ಕೊಳ್ಳಿ.

ಆಮೇಲೆ ಪಶ್ಚಿಮದ ಕಿಟಕಿ. ಒಳಗೆ ಎಷ್ಟು ದಪ್ಪ ಪರದೆ ಹಾಕಿದ್ರೂ ಬಿಸಿಲು ಆಗ್ಲೇ ಗಾಜು ದಾಟಿ ಒಳಗೆ ಬಂದಾಗಿರತ್ತೆ, ಪರದೆ ಕಾದು ರೂಮಿಗೇ ಬಿಸಿ ಬಿಡತ್ತೆ. ತಡೆಯೋದು ಹೊರಗಡೆನೇ ತಡೀಬೇಕು, ಚಿಕ್ಕ ಚಪ್ಪರ, ಬಿದಿರಿನ ತಟ್ಟಿ, ಬಳ್ಳಿ, ಶೇಡ್ ನೆಟ್ಟು, ಏನಾದ್ರೂ. ಫ್ಯಾನ್ ಹಳೇದಾದ್ರೆ 75 ವ್ಯಾಟ್ ಎಳೀತಿರತ್ತೆ, ಬಿಎಲ್‌ಡಿಸಿ ಅನ್ನೋ ಕಮ್ಮಿ ಕರೆಂಟ್ ಎಳೆಯೋ ಮೋಟರಿನದ್ದು 30ರ ಆಸುಪಾಸು.

ಇಷ್ಟೆಲ್ಲಾ ಮಾಡಿದ ಮೇಲೂ ಎಸಿ ಬೇಕೇ ಬೇಕು ಅಂದ್ರೆ ಒಳಗಿನ ಗ್ಯಾಸ್ ಯಾವುದು ಅಂತ ಕೇಳಿ. ಸ್ಟಾರ್ ಎಷ್ಟು ಅಂತ ಎಲ್ರೂ ಕೇಳ್ತಾರೆ, ಇದನ್ನ ಯಾರೂ ಕೇಳಲ್ಲ. ಆರ್-410ಎ ಒಂದು ಕೆಜಿ ಗಾಳಿಗೆ ಹೋದ್ರೆ ಎರಡು ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಹಾನಿ. ಆರ್-32 ಆದ್ರೆ 675 ಕೆಜಿಯಷ್ಟು, ಆರ್-290 ಅಂದ್ರೆ ಪ್ರೋಪೇನ್, ಅದರದ್ದು ಲೆಕ್ಕಕ್ಕೇ ಇಲ್ಲ ಅನ್ನೋಷ್ಟು ಕಮ್ಮಿ, ಆದ್ರೆ ಬೆಂಕಿ ಹತ್ತೋ ಗ್ಯಾಸು, ಫಿಟ್ಟಿಂಗ್ ಗೊತ್ತಿರೋರೇ ಮಾಡ್ಬೇಕು. ಈ ಗ್ಯಾಸುಗಳನ್ನ ಇಳಿಸ್ತಾ ಬರ್ಬೇಕು ಅಂತಾನೇ 2016ರಲ್ಲಿ ಕಿಗಾಲಿಯಲ್ಲಿ ದೇಶಗಳೆಲ್ಲಾ ಒಪ್ಪಂದ ಮಾಡ್ಕೊಂಡಿದ್ದು. ಪ್ರತೀ ವರ್ಷ ಗ್ಯಾಸ್ ತುಂಬ್ಸಿ ಸಾರ್ ಅಂತ ನಮ್ಮಂಥೋರು ಬಂದ್ರೆ ತುಂಬ್ಸೋಕೆ ಒಪ್ಪಬೇಡಿ. ಎಸಿ ಗ್ಯಾಸ್ ಖರ್ಚಾಗೋ ಪೆಟ್ರೋಲ್ ಅಲ್ಲ, ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರಿದೆ, ಮೊದಲು ಸೋರಿಕೆ ಹುಡುಕಿ ಮುಚ್ಚಿ ಅನ್ನಿ.

ಅಡ್ಡಮಾತು
ಈ ಮಾತು ಎಸಿ ರಿಪೇರಿಯವರ ಬಾಯಲ್ಲೇ ಬಂತಲ್ಲ, ಇವತ್ತಿಗೆ ನಾನು ವಾದ ನಿಲ್ಲಿಸ್ತೀನಿ. ಆದ್ರೂ ಒಂದು ಕೇಳ್ತೀನಿ, ಸೋಲಾರ್ ಯಾಕೆ ಯಾರೂ ಎತ್ತಲಿಲ್ಲ? ಹಾಕ್ಸಿದ್ರೆ ಕರೆಂಟ್ ಹೋದಾಗ್ಲೂ ಯೋಚನೆ ಇಲ್ಲ.

ಮೀಟರ್ ನೋಡಿ
ಯೋಚನೆ ಇದೆ ಸ್ವಾಮಿ! ಲೈನಿಗೆ ಜೋಡಿಸಿದ ಮಾಮೂಲಿ ಸೋಲಾರ್ ಆದ್ರೆ ಲೈನ್ ಕರೆಂಟ್ ಹೋದ ತಕ್ಷಣ ಅದೂ ಆಫ್ ಆಗತ್ತೆ, ಮಧ್ಯಾಹ್ನ ಸುಡು ಬಿಸಿಲಿದ್ರೂ ಅಷ್ಟೇ. ಕಂಬ ಹತ್ತಿರೋ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೀಬಾರದು ಅಂತ ಹಾಗೇ ಮಾಡಿರೋದು. ಕರೆಂಟ್ ಹೋದಾಗ್ಲೂ ಬೇಕು ಅಂದ್ರೆ ಬ್ಯಾಟರಿ ಇರೋ ಹೈಬ್ರಿಡ್ ಬೇಕು, ಖರ್ಚು ಬೇರೆನೇ. ಮಾರೋಕೆ ಬರೋರು ಇದನ್ನ ಕೊನೇಲಿ ಹೇಳ್ತಾರೆ, ಹೇಳಿದ್ರೆ.

ಸೋಲಾರ್ ಬೇಡ ಅಂತಿಲ್ಲ ನಾನು. ಚೆನ್ನಾಗಿ ಬಿಸಿಲು ಬೀಳೋ ಜಾಗದಲ್ಲಿ 1 ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಆಸುಪಾಸು ಬರತ್ತೆ, ಒಳ್ಳೆ ವಿಷಯಾನೇ. ಆದ್ರೆ ಮೊದಲು ಬಳಕೆ ಇಳಿಸಿ, ಆಮೇಲೆ ಎಷ್ಟು ಪ್ಯಾನಲ್ ಬೇಕು ಅಂತ ಲೆಕ್ಕ ಹಾಕಿ. ಐದು ಬೇಕಿದ್ದ ಜಾಗದಲ್ಲಿ ಮೂರು ಸಾಕಾಗ್ಬಹುದು. ನೀರಿನ ಟ್ಯಾಂಕಿನ ನೆರಳು ಒಂದು ಪ್ಯಾನಲ್ ಮೂಲೆಗೆ ಬಿದ್ರೂ ಅದರ ಜೊತೆ ಸೀರಿಸ್‌ನಲ್ಲಿ, ಅಂದ್ರೆ ಒಂದರ ಹಿಂದೆ ಒಂದು ಜೋಡಿಸಿರೋವು ಮಂಕಾಗ್ಬಹುದು, ಬೆಳಗ್ಗೆ ಮಧ್ಯಾಹ್ನ ಸಂಜೆ ತಾರಸಿ ಹತ್ತಿ ನೆರಳು ಎಲ್ಲಿ ಬೀಳತ್ತೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಕೊಳ್ಳಿ. ಬರೀ ಸ್ನಾನದ ನೀರಿಗಾದ್ರೆ ಸೋಲಾರ್ ವಾಟರ್ ಹೀಟರ್ರೇ ಸಾಕು, ನೀರು ಗಡುಸಿದ್ರೆ ಮಾತ್ರ ಒಳಗೆ ಸುಣ್ಣ ಕಟ್ಕೊಳ್ಳತ್ತೆ, ಆಗಾಗ ತೆಗೆಸ್ತಿರ್ಬೇಕು.

ಹೊಸಿಲು
ಅಣ್ಣ ರಾತ್ರಿ ಮೀಟರ್ ನೋಡಿದೆ. ನಿಮಿಷಕ್ಕೆ ಮಿನುಗಿದ್ದು ನೋಡಿ ನಂಬೋಕಾಗ್ಲಿಲ್ಲ, ಒಂದೊಂದೇ ಎಂಸಿಬಿ ಇಳಿಸಿದ್ದಕ್ಕೆ ಸಿಕ್ತು, ಕೆಳಗಿನ ಸ್ಟೋರ್ ರೂಮಲ್ಲಿ ಅಪ್ಪ ಇಟ್ಕೊಂಡಿರೋ ಎರಡನೇ ಫ್ರಿಡ್ಜು, ಬಹಳ ಹಳೇದು, ಒಳಗೆ ನಾಲ್ಕು ನೀರಿನ ಬಾಟ್ಲಿ ಬಿಟ್ರೆ ಏನಿಲ್ಲ, ಕಂಪ್ರೆಸರ್ ನಿಲ್ತಾನೇ ಇಲ್ಲ. ಬಾಗಿಲ ರಬ್ಬರ್ ಸಂದಿಗೆ ಪೇಪರ್ ಇಟ್ಟು ಎಳೆದ್ರೆ ಸರಕ್ಕನೆ ಬರತ್ತೆ. ಅಪ್ಪ ಒಪ್ಪಿದಾರೆ ಆಫ್ ಮಾಡೋಕೆ. ಈಗ ಇದನ್ನ ಪರಿಚಯದೋರಿಗೆ ಕೊಟ್ಬಿಡ್ಲಾ, ಕೇಳ್ತಿದಾರೆ, ಇಲ್ಲಾ ಗುಜರಿಗಾ?

ಲೆಕ್ಕದ ಮೇಷ್ಟ್ರು
ಪರಿಚಯದೋರಿಗೆ ಕೊಟ್ರೆ ಅದೇ ಫ್ರಿಡ್ಜು ಅವರ ಮೀಟರ್ ತಿರುಗಿಸತ್ತೆ ಅಷ್ಟೇ. ಮೇಲಿನ ಮುಖ್ಯ ಫ್ರಿಡ್ಜ್ ಚೆನ್ನಾಗಿದ್ರೆ ಅದನ್ನ ಮುಟ್ಬೇಡಿ, ಹೊಸದು ತಯಾರಾಗೋಕೂ ಕಬ್ಬಿಣ ಕರೆಂಟು ಎಲ್ಲಾ ಬೇಕಲ್ಲ. ಗೋಡೆಯಿಂದ ಸ್ವಲ್ಪ ಮುಂದಕ್ಕೆ ಎಳೆದು ಹಿಂದಿನ ಧೂಳು ಒರೆಸಿ, 4 ಡಿಗ್ರಿಗೆ ಇಡಿ, ಸಾಕು.

ಕೂಲ್ ಕೆಲಸ
ಸ್ಟೋರ್ ರೂಮಿಂದು ಬೀದೀಲಿ ಬರೋ ಗುಜರಿಯವರಿಗೆ ಕೊಡ್ಬೇಡಿ ಸರ್. ಅವರು ಮಾಡೋ ಮೊದಲ ಕೆಲಸನೇ ತಾಮ್ರದ ಪೈಪ್ ಕಟ್ ಮಾಡೋದು, ಬುಸ್ ಅಂತ ಒಳಗಿನ ಗ್ಯಾಸೆಲ್ಲಾ ಗಾಳಿಗೆ. ಹಳೇದು ಅಂತಿದೀರಿ, ಹಿಂದ್ಗಡೆ ಕಂಪ್ರೆಸರ್ ಹತ್ರ ಒಂದು ಲೇಬಲ್ ಇರತ್ತೆ, ಆರ್-12 ಅಂತಿದ್ರೆ ಓಜೋನ್ ತಿನ್ನೋ ಗ್ಯಾಸು, ಆರ್-134ಎ ಅಂತಿದ್ರೆ ಓಜೋನ್‌ಗೆ ತೊಂದ್ರೆ ಇಲ್ಲ ಆದ್ರೆ ಬಿಸಿ ಏರಿಸೋದ್ರಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟು ಮೇಲೆ. ಅಧಿಕೃತ ಇ-ತ್ಯಾಜ್ಯದವರಿಗೇ ಕೊಡಿ, ಗ್ಯಾಸ್ ಎಳೆದು ಸಿಲಿಂಡರಿಗೆ ತುಂಬ್ತೀರಾ ಅಂತ ಫೋನಲ್ಲೇ ಕೇಳಿ. ಸಾಗಿಸುವಾಗ ನಿಲ್ಲಿಸ್ಕೊಂಡೇ ಹೋಗ್ಲಿ, ಹಿಂದಿನ ಪೈಪಿಗೆ ಏಟು ಬೀಳದಂಗೆ ನೋಡ್ಕೊಳ್ಳಿ. ಲೇಬಲ್ ಫೋಟೋ ಇಲ್ಲಿ ಹಾಕಿ, ಯಾವ ಗ್ಯಾಸು ಅಂತ ನಾನು ಹೇಳ್ತೀನಿ.